ಪಾಸೋವರ್ ಊಟಕ್ಕೆ ಕರೆದಿದ್ದಾರೆ, ಮೈಸೂರು ಪಾಕ್ ಒಯ್ಯಬಹುದೇ?

ಓದುಗರ ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಮಗಳ ಗೆಳತಿಯ ಮನೆಯವರು ಯಹೂದಿಗಳು. ಪಾಸೋವರ್ ಹಬ್ಬದ ಸೆಡರ್ ಊಟಕ್ಕೆ ಕರೆದಿದ್ದಾರೆ. ನಾವು ಸಸ್ಯಾಹಾರಿಗಳು. ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲ. ಮನೆಯಲ್ಲೇ ಮೈಸೂರು ಪಾಕ್ ಮಾಡಿ ಒಯ್ದರೆ ಆದೀತೇ?

ಉತ್ತರ: ಬೇಡ. ಆ ಒಂದು ತುಂಡಿನಲ್ಲೇ ಮೂರು ತೊಡಕುಗಳಿವೆ. ಅವು ಗೊತ್ತಾದರೆ ಬೇರೆ ಏನು ಒಯ್ಯಬಹುದು ಎಂಬುದೂ ಗೊತ್ತಾಗುತ್ತದೆ.

ಮೊದಲ ತೊಡಕು ನಿಮ್ಮ ಬಾಣಲೆ. ಕನ್ನಡ ಬೈಬಲಿನಲ್ಲಿ ಪಸ್ಕ ಹಬ್ಬ ಎಂದಿರುವುದೇ ಈ ಪಾಸೋವರ್. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ರಾತ್ರಿಯ ನೆನಪು. ಹಿಟ್ಟು ಹುದುಗುವಷ್ಟೂ ಪುರಸೊತ್ತಿಲ್ಲದೆ ಹೊರಟರು. ಅದಕ್ಕೇ ಇಸ್ರೇಲಿನಲ್ಲಿ ಏಳು ದಿನ, ಹೊರದೇಶಗಳಲ್ಲಿ ಸಾಮಾನ್ಯವಾಗಿ ಎಂಟು ದಿನ ‘ಹಮೆಟ್ಸ್’ ನಿಷಿದ್ಧ. ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್ ಎಂಬ ಐದು ಧಾನ್ಯಗಳಲ್ಲಿ ಯಾವುದಕ್ಕಾದರೂ ನೀರು ತಗುಲಿ 18 ನಿಮಿಷದೊಳಗೆ ಬೇಯದಿದ್ದರೆ ಅದು ಹಮೆಟ್ಸ್. ಮಾಟ್ಜಾ ಎಂಬ ತೆಳು ರೊಟ್ಟಿಯನ್ನು ಆ 18 ನಿಮಿಷದೊಳಗೇ ಬೇಯಿಸಿರುತ್ತಾರೆ. ಸಂಪ್ರದಾಯಸ್ಥರು ಹಬ್ಬಕ್ಕೆ ಮೊದಲು ಮನೆಯೆಲ್ಲ ಗುಡಿಸಿ ತೊಳೆದು, ಈ ಎಂಟು ದಿನಕ್ಕೆಂದೇ ಎತ್ತಿಟ್ಟ ಪಾತ್ರೆಗಳನ್ನು ಇಳಿಸುತ್ತಾರೆ. ಮುಸುರೆ ಪಾಲಿಸುವ ಮನೆಯಲ್ಲಿ ಬೆಳೆದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ನಿನ್ನೆ ಉಪ್ಪಿಟ್ಟು ಕೆದಕಿದ ಬಾಣಲೆಯಲ್ಲಿ ಇಂದು ಏನೇ ಮಾಡಿದರೂ ಅದು ಅವರ ಮೇಜಿಗೆ ಸಲ್ಲದು.

ಎರಡನೆಯದು ಕಡಲೆಹಿಟ್ಟು. ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿ ಯಹೂದಿಗಳು ಐದು ಧಾನ್ಯಗಳ ಜೊತೆಗೆ ‘ಕಿಟ್ನಿಯೋತ್’ ಅನ್ನೂ ಬಿಡುತ್ತಾರೆ: ಅಕ್ಕಿ, ಮೆಕ್ಕೆಜೋಳ, ಬೇಳೆಕಾಳು, ಸಾಸಿವೆ, ಎಳ್ಳು. ನಮ್ಮ ಒಗ್ಗರಣೆಯನ್ನು ಇದರ ಮುಂದಿಟ್ಟು ನೋಡಿ. ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ ಮೂರೂ ಹೋದವು. ಇಂಗು? ಅಂಗಡಿಯ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ, ಅಂದರೆ ನೇರ ಹಮೆಟ್ಸ್. ಬರೀ ಆಲೂಗಡ್ಡೆ ಪಲ್ಯ ತಾನೇ ಎಂದು ಒಯ್ದವರು ಎಡವುವುದು ಇಲ್ಲೇ. ಆದರೆ ಈ ನಿಯಮ ಎಲ್ಲರದ್ದಲ್ಲ. ಸ್ಪೇನ್, ಪೋರ್ಚುಗಲ್ ಮೂಲದ ಹೆಚ್ಚಿನ ಸೆಫಾರ್ಡಿ ಯಹೂದಿಗಳೂ ನಮ್ಮ ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲಿ ಯಹೂದಿಗಳೂ ಹಬ್ಬದಲ್ಲಿ ಅನ್ನ ಉಣ್ಣುತ್ತಾರೆ. ಅಮೆರಿಕದ ಯಹೂದಿಗಳ ಕನ್ಸರ್ವೇಟಿವ್ ಪಂಥದ ಧರ್ಮಶಾಸ್ತ್ರ ಸಮಿತಿ 2015ರಲ್ಲಿ ಕಿಟ್ನಿಯೋತ್‌ಗೆ ಒಪ್ಪಿಗೆ ಕೊಟ್ಟಿತು. ಆದರೂ ಅಜ್ಜಿಯ ಕಾಲದ ರೂಢಿ ಬಿಡದ ಮನೆಗಳು ಬೇಕಾದಷ್ಟಿವೆ.

ಮೂರನೆಯದು ತುಪ್ಪ. ಸೆಡರ್ ಊಟದಲ್ಲಿ ಬಹುತೇಕ ಮಾಂಸ ಇರುತ್ತದೆ, ಕೋಷರ್ ಎಂಬ ಯಹೂದಿ ಆಹಾರ ನಿಯಮ ಪಾಲಿಸುವವರು ಮಾಂಸದೊಡನೆ ಹಾಲಿನ ಪದಾರ್ಥ ಸೇರಿಸುವುದಿಲ್ಲ. ಪೇಡ, ಬರ್ಫಿ, ಹಾಲಿನ ಚಾಕೊಲೇಟು ಎಲ್ಲಕ್ಕೂ ಇದೇ ಉತ್ತರ.

ಹಾಗಾದರೆ ಏನು ಒಯ್ಯುವುದು? ಕತ್ತರಿಸದ ಇಡೀ ಹಣ್ಣು, ಇಲ್ಲವೇ ಹೂವು. ಹೂವನ್ನು ಸೂರ್ಯಾಸ್ತಕ್ಕೆ ಮೊದಲೇ, ನೀರು ತುಂಬಿದ ಹೂದಾನಿಯಲ್ಲಿಟ್ಟು ತಲುಪಿಸಿ. ಹಬ್ಬ ಶುರುವಾದ ಮೇಲೆ ಹೂದಾನಿಗೆ ನೀರು ತುಂಬಿಸುವುದೂ ಕಟ್ಟುನಿಟ್ಟಿನ ಮನೆಗಳಲ್ಲಿ ತೊಡಕೇ. ಅಂಗಡಿಯ ತಿನಿಸಾದರೆ ಪೊಟ್ಟಣದ ಮೇಲೆ ‘ಕೋಷರ್ ಫಾರ್ ಪಾಸೋವರ್’ ಎಂದೇ ಇರಬೇಕು, ಬರೀ ಕೋಷರ್ ಮುದ್ರೆ ಸಾಲದು. ವೈನ್ ಆದರೆ ‘ಮೆವುಶಲ್’, ಅಂದರೆ ಕಾಯಿಸಿದ್ದು ಎಂಬ ಗುರುತಿರುವುದನ್ನೇ ಆರಿಸಿ. ಹಾಗಲ್ಲದ ವೈನನ್ನು ಯಹೂದಿಯಲ್ಲದವರು ಬಗ್ಗಿಸಿದರೆ ಸಂಪ್ರದಾಯಸ್ಥರು ಕುಡಿಯುವುದಿಲ್ಲ. ಕೇಳಲು ಕಸಿವಿಸಿಯೇ, ಆದರೆ ಹಳೆಯ ನಿಯಮ. ಬಾಟಲಿಯನ್ನು ಆತಿಥೇಯರ ಕೈಗೆ ಕೊಟ್ಟು ಸುಮ್ಮನಿದ್ದರಾಯಿತು.

ಏನಾದರೂ ಮಾಡಲೇಬೇಕೆಂಬ ಹಟವಿದ್ದರೆ ಆತಿಥೇಯರನ್ನು ಕೇಳಿ, ಅವರ ಅಡುಗೆಮನೆಯಲ್ಲೇ, ಅವರ ಪಾತ್ರೆಯಲ್ಲೇ, ಹಬ್ಬದ ಹಿಂದಿನ ದಿನ ಕೊಬ್ಬರಿ ಮಿಠಾಯಿ ಮಾಡಬಹುದು: 2 ಬಟ್ಟಲು ಹಸಿ ತೆಂಗಿನತುರಿ, 1 ಬಟ್ಟಲು ಸಕ್ಕರೆ, ಕಾಲು ಬಟ್ಟಲು ನೀರು, ಆಗಷ್ಟೇ ಬಿಡಿಸಿ ಕುಟ್ಟಿದ 4 ಏಲಕ್ಕಿ. ತಟ್ಟೆಗೆ ತುಪ್ಪದ ಬದಲು ಅವರಲ್ಲಿರುವ ಪಾಸೋವರ್ ಮುದ್ರೆಯ ಎಣ್ಣೆ ಸವರಿ. ಪುಡಿ ಸಕ್ಕರೆ ಬೇಡ. ಅದರಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಇರುತ್ತದೆ.

ಇನ್ನು ನಿಮ್ಮ ಹೊಟ್ಟೆಯ ವಿಚಾರ. ಸಂಜೆ ಐದಕ್ಕೆ ಏನಾದರೂ ತಿಂದೇ ಹೊರಡಿ. ಸೆಡರ್ ಅಂದರೆ ‘ಕ್ರಮ’. ಅದರಲ್ಲಿ 15 ಹಂತಗಳು, ಊಟ ಬರುವುದು ಹನ್ನೊಂದನೆಯದಾಗಿ. ಕಟ್ಟುನಿಟ್ಟಿನ ಮನೆಗಳಲ್ಲಿ ಕತ್ತಲಾದ ಮೇಲೆ ಶುರುವಾಗಿ, ಹಗಾದಾ ಎಂಬ ಪುಸ್ತಕದಿಂದ ಸರದಿಯಂತೆ ಕಥೆ ಓದಿ ತಟ್ಟೆ ಮುಂದೆ ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿರುತ್ತದೆ. ಅಷ್ಟರವರೆಗೆ ಸಿಗುವುದು ಉಪ್ಪುನೀರಲ್ಲಿ ಅದ್ದಿದ ಒಂದೆಸಳು ಪಾರ್ಸ್ಲಿ. ಹಸಿದು ಮಾಟ್ಜಾ ಮುರಿದು ಬಾಯಿಗೆ ಹಾಕಿಕೊಂಡುಬಿಡಬೇಡಿ, ಅದಕ್ಕೂ ಹೊತ್ತಿದೆ. ಕಹಿ ತಿನ್ನುವ ಸರದಿಯಲ್ಲಿ ತುರಿದ ಬೇರು, ಅಂದರೆ ಹಾರ್ಸ್‌ರ್ಯಾಡಿಶ್ ಬಂದರೆ ಮೊದಲು ಚಿಟಿಕೆಯಷ್ಟೇ ತೆಗೆದುಕೊಳ್ಳಿ. ಅದರ ಖಾರ ಮೆಣಸಿನಕಾಯಿಯಂತೆ ನಾಲಿಗೆಗಲ್ಲ, ನೇರ ಮೂಗಿಗೆ ಏರುತ್ತದೆ. ವೈನ್ ನಾಲ್ಕು ಲೋಟ. ದ್ರಾಕ್ಷಿರಸ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಮಕ್ಕಳೂ ಅದನ್ನೇ ಕುಡಿಯುತ್ತಾರೆ.

ಸಸ್ಯಾಹಾರಿಗಳೆಂದು ಒಂದು ವಾರ ಮೊದಲೇ ತಿಳಿಸಿ, ಮೊಟ್ಟೆ ತಿನ್ನುವಿರೋ ಇಲ್ಲವೋ ಎಂಬುದನ್ನೂ ಬಿಡಿಸಿ ಹೇಳಿ. ಮಾಟ್ಜಾ ಉಂಡೆಯ ಸೂಪು ಸಾಮಾನ್ಯವಾಗಿ ಕೋಳಿಯ ಸಾರು. ಹಬ್ಬದ ಕೇಕುಗಳೆಲ್ಲ ಮೊಟ್ಟೆಯ ಮೇಲೇ ನಿಂತಿರುತ್ತವೆ. ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಸೇಬು, ಆಕ್ರೋಡು, ಚಕ್ಕೆ, ವೈನ್ ಬೆರೆಸಿದ ಹರೋಸೆತ್. ವೈನ್ ಬೇಡದಿದ್ದರೆ ಅದನ್ನೂ ಮೊದಲೇ ಹೇಳಿ. ಸೆಡರ್ ತಟ್ಟೆಯಲ್ಲಿ ಸುಟ್ಟ ಎಲುಬೊಂದು ಕಾಣಿಸುತ್ತದೆ, ಅದನ್ನು ಯಾರೂ ತಿನ್ನುವುದಿಲ್ಲ. ಕೆಲವು ಸಸ್ಯಾಹಾರಿ ಮನೆಗಳಲ್ಲಿ ಅದರ ಜಾಗದಲ್ಲಿ ಬೀಟ್‌ರೂಟ್ ಇಡುತ್ತಾರೆ. ಅದು ಇಂದಿನ ಫ್ಯಾಷನ್ ಅಲ್ಲ: ಸೆಡರಿನ ಎರಡು ಬೇಯಿಸಿದ ಪದಾರ್ಥಗಳಾಗಿ ಬೀಟ್ ಮತ್ತು ಅಕ್ಕಿ ಆದೀತು ಎಂದು ರವ್ ಹೂನಾ ಎಂಬ ಧರ್ಮಗುರು ಹೇಳಿದ್ದು ಯಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮುಡ್‌ನಲ್ಲೇ ಇದೆ. ಅಕ್ಕಿ ಬೇಡವೆಂಬ ಅಶ್ಕೆನಾಜಿ ರೂಢಿ ಬಂದದ್ದು ಎಷ್ಟೋ ಶತಮಾನಗಳ ನಂತರ.

ಹೊರಗಿನವರೆಂಬ ಸಂಕೋಚ ಬೇಡ. ಹಗಾದಾದ ಕಥಾಭಾಗ ಶುರುವಾಗುವುದೇ ಅರಮೇಯಿಕ್ ಭಾಷೆಯ ಒಂದು ಕರೆಯಿಂದ: ಹಸಿದವರೆಲ್ಲ ಬಂದು ಉಣ್ಣಿ. ಆಮೇಲೆ ಮನೆಯ ಕಿರಿಯ ಮಗು ‘ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಯಾಕೆ ಬೇರೆ?’ ಎಂದು ಹಾಡುತ್ತದೆ. ಪ್ರಶ್ನೆ ಕೇಳುವುದೇ ಈ ರಾತ್ರಿಯ ಶಿಷ್ಟಾಚಾರ, ಹಾಗಾಗಿ ಒಂದನ್ನು ಹೊಂಚಿಟ್ಟುಕೊಂಡು ಹೋಗಿ. ಫೋಟೋ ಮಾತ್ರ ಕೇಳಿಯೇ ತೆಗೆಯಿರಿ. ಸಂಪ್ರದಾಯಸ್ಥರ ಮನೆಯಾದರೆ ಫೋನ್ ಕಾರಿನಲ್ಲೇ ಇರಲಿ, ಕರೆಗಂಟೆ ಒತ್ತದೆ ಬಾಗಿಲು ತಟ್ಟಿ. ಊಟದ ನಂತರ, ಮೊದಲೇ ಬಚ್ಚಿಟ್ಟಿದ್ದ ಮಾಟ್ಜಾದ ತುಂಡು, ಅಫಿಕೋಮನ್, ಬರುತ್ತದೆ. ಅದನ್ನು ತಿಂದ ಮೇಲೆ ಬೇರೇನೂ ತಿನ್ನುವಂತಿಲ್ಲ, ಆದ್ದರಿಂದ ಸಿಹಿ ಬೇಕಿದ್ದರೆ ಮೊದಲೇ ಮುಗಿಸಿ.

ಸೆಡರ್ ಹೆಚ್ಚಿನ ವರ್ಷ ನಮ್ಮ ಚೈತ್ರ ಹುಣ್ಣಿಮೆಯ ಆಸುಪಾಸಿಗೆ ಬರುತ್ತದೆ: 2026ರಲ್ಲಿ ಏಪ್ರಿಲ್ 1ರ ಸಂಜೆ, 2027ರಲ್ಲಿ ಏಪ್ರಿಲ್ 21ರ ಸಂಜೆ. ಅವರನ್ನು ತಿರುಗಿ ಊಟಕ್ಕೆ ಕರೆಯುವುದಾದರೆ ಎಂಟು ದಿನ ಕಳೆಯಲಿ. ಆಗ ಮಾಂಸವಿಲ್ಲದ ನಿಮ್ಮ ಮೇಜಿನ ಮೇಲೆ ತುಪ್ಪಕ್ಕೂ ಕಡಲೆಹಿಟ್ಟಿಗೂ ಅಡ್ಡಿಯಿಲ್ಲ. ವರ್ಷವಿಡೀ ಕೋಷರ್ ಪಾತ್ರೆಯನ್ನೇ ನೋಡುವವರೋ ಎಂದು ಮಾತ್ರ ಕೇಳಿಕೊಂಡು, ಮೈಸೂರು ಪಾಕ್ ಬಾಣಲೆ ಒಲೆಗಿಡಿ.