ಕನ್ಫ್ಯೂಷಿಯಸ್‌ನನ್ನು ಉಳಿಸಿದ ಮೇಷ್ಟ್ರುಗಳು

ಇವತ್ತು ಚೀನಾ ಸರ್ಕಾರವೇ ಪ್ರಾಚೀನ ತತ್ವಜ್ಞಾನಿ ಕನ್ಫ್ಯೂಷಿಯಸ್‌ನನ್ನು ಹೊತ್ತು ಮೆರೆಸುತ್ತಿದೆ. 2013ರಲ್ಲಿ ಷಿ ಜಿನ್‌ಪಿಂಗ್ ಆತನ ಊರಾದ ಚೂಫುಗೆ ಹೋಗಿ ಬಂದರು. ಅದೇ ಊರಿನಲ್ಲಿ 1966ರಲ್ಲಿ ಮಾವೋನ ಯುವಪಡೆಯಾದ ರೆಡ್ ಗಾರ್ಡ್‌ಗಳು ಗುಡಿಗೆ ನುಗ್ಗಿ ಮೂರ್ತಿ ಒಡೆದಿದ್ದರು, ಆತನ ವಂಶದವರ ಗೋರಿಗಳನ್ನೂ ಅಗೆದಿದ್ದರು. ಹಾಗಾದ್ರೆ ಕನ್ಫ್ಯೂಷಿಯಸ್‌ನ ವಿಚಾರವನ್ನು ಇಷ್ಟು ದಿನ ಕಾಪಾಡಿದ್ದು ಯಾರು? ಸರ್ಕಾರವಂತೂ ಅಲ್ಲ.

ಕನ್ಫ್ಯೂಷಿಯಸ್ ಗ್ರಂಥಗಳನ್ನು ಓದಿ ಪಾಸಾದರೆ ಅಧಿಕಾರಿ ಆಗಬಹುದಿದ್ದ ಪರೀಕ್ಷೆ 1905ರಲ್ಲಿ ರದ್ದಾಯಿತು. ಆಮೇಲೆ ದೊರೆತನವೂ ಹೋಯಿತು. 1919ರ ಮೇ 4ರ ಚಳವಳಿ ಹೊತ್ತಿಗೆ ಓದಿದ ಹುಡುಗರಿಗೆ ವಿಜ್ಞಾನ ಬೇಕಿತ್ತು, ಪ್ರಜಾಪ್ರಭುತ್ವ ಬೇಕಿತ್ತು, ಕನ್ಫ್ಯೂಷಿಯಸ್ ಮಾತ್ರ ಬೇಡವಾಗಿದ್ದ.

ಆಗ ಎದುರು ನಿಂತವರು ಲಿಯಾಂಗ್ ಶುಮಿಂಗ್. ಇವರು ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದದ್ದು ಭಾರತೀಯ ತತ್ವಶಾಸ್ತ್ರ! ಪಶ್ಚಿಮದವರದ್ದು ಆಸೆ ಹಿಡಿದು ಮುನ್ನುಗ್ಗುವ ದಾರಿ, ಚೀನಾದ್ದು ಹೊಂದಿಕೊಂಡು ಬಾಳುವ ದಾರಿ, ಭಾರತದ್ದು ಆಸೆಯನ್ನೇ ಬಿಡುವ ದಾರಿ ಅಂತ 1921ರಲ್ಲಿ ಬರೆದರು. ಮುಂದೆ ಜಗತ್ತು ಚೀನಾದ ದಾರಿ ಹಿಡಿಯುತ್ತದಂತೆ, ನಮ್ಮ ಸರದಿ ಅದಾದ ಮೇಲಂತೆ. ಈ ಲೆಕ್ಕಾಚಾರ ನನಗೇನೂ ಒಪ್ಪಿಗೆಯಿಲ್ಲ, ಆದ್ರೆ ಮನುಷ್ಯ ಗಟ್ಟಿ. 1974ರಲ್ಲಿ ಕನ್ಫ್ಯೂಷಿಯಸ್‌ನನ್ನು ಬೈಯಿರಿ ಅಂತ ಎಲ್ಲರೂ ಮೇಲೆ ಬಿದ್ದಾಗ, ಸೈನ್ಯದಿಂದ ಸೇನಾಪತಿಯನ್ನು ಕಿತ್ತುಕೊಳ್ಳಬಹುದು, ಸಾಮಾನ್ಯ ಮನುಷ್ಯನ ಮನಸ್ಸನ್ನು ಕಿತ್ತುಕೊಳ್ಳಲಾಗದು ಎಂಬ ಕನ್ಫ್ಯೂಷಿಯಸ್‌ನದೇ ಮಾತನ್ನು ಹೇಳಿ ಕೂತರು.

1949ರಲ್ಲಿ ಕಮ್ಯುನಿಸ್ಟರು ಗೆದ್ದಾಗ ಇಂಥ ಹಲವು ಮೇಷ್ಟ್ರುಗಳು ದೇಶ ಬಿಟ್ಟರು. ಅವರಲ್ಲಿ ಕೆಲವರಿಂದ ಹಾಂಗ್‌ಕಾಂಗ್‌ನಲ್ಲಿ ನ್ಯೂ ಏಷ್ಯಾ ಕಾಲೇಜು ಶುರುವಾಯಿತು. 1958ರಲ್ಲಿ ಮೌ ಜೊಂಗ್‌ಸಾನ್, ತಾಂಗ್ ಜುನ್‌ಯಿ ಸೇರಿ ನಾಲ್ವರು ಚಿಂತಕರು ಒಂದು ಪ್ರಣಾಳಿಕೆ ಹೊರಡಿಸಿದರು. ಚೀನೀ ಸಂಸ್ಕೃತಿ ಇನ್ನೂ ಸತ್ತಿಲ್ಲ, ಆದರೆ ಅದು ಪ್ರಜಾಪ್ರಭುತ್ವ, ವಿಜ್ಞಾನ ಎರಡನ್ನೂ ಬೆಳೆಸಿಕೊಳ್ಳಲೇಬೇಕು ಅಂದರು. ಒಳ್ಳೆಯ ರಾಜ ಸಿಕ್ಕರೆ ಸಾಕು ಎಂಬ ಹಳೆಯ ನಂಬಿಕೆ ಸಾಲದು ಅನ್ನುವುದು ಇವರಿಗೆ ಚೆನ್ನಾಗಿ ಗೊತ್ತಿತ್ತು.

1980ರ ದಶಕದಲ್ಲಿ ಚೀನಾದೊಳಗೆ ಇವರನ್ನು ಓದುವುದು ಶುರುವಾಯಿತು. ಅಷ್ಟರಲ್ಲಿ ತೈವಾನ್, ಹಾಂಗ್‌ಕಾಂಗ್, ಸಿಂಗಾಪುರ ಶ್ರೀಮಂತವಾಗಿದ್ದವು, ಅದಕ್ಕೆ ಕನ್ಫ್ಯೂಷಿಯಸ್ಸೇ ಕಾರಣ ಅನ್ನುವ ವಾದವೂ ಜೋರಾಗಿತ್ತು. ಆಮೇಲೆ ಬಂದ ಚೀನಾದ ಚಿಂತಕ ಜಿಯಾಂಗ್ ಚಿಂಗ್ (ಮಾವೋ ಹೆಂಡತಿಯಲ್ಲ, ಬೇರೆಯವರು) ಪಶ್ಚಿಮದ ಪ್ರಜಾಪ್ರಭುತ್ವವೇ ಬೇಡ ಅಂದರು. ಅವರ ಕಲ್ಪನೆಯಲ್ಲಿ ಸಂಸತ್ತಿಗೆ ಮೂರು ಸದನ, ಅದರಲ್ಲೊಂದಕ್ಕೆ ಕನ್ಫ್ಯೂಷಿಯಸ್ ವಂಶದವರೇ ಮುಖ್ಯಸ್ಥರು. 2015ರಲ್ಲಿ ತೈವಾನಿನ ವಿದ್ವಾಂಸ ಲೀ ಮಿಂಗ್‌ಹುಯ್ ಇಂಥ ರಾಜಕೀಯ ಕನ್ಫ್ಯೂಷಿಯನಿಸಂ ಅನ್ನು ಟೀಕಿಸಿದರು, ಚೀನಾ, ತೈವಾನ್ ಎರಡೂ ಕಡೆಯವರ ನಡುವೆ ದೊಡ್ಡ ಜಗಳವೇ ಆಯಿತು. ಕಮ್ಯುನಿಸ್ಟ್ ಪಕ್ಷವೋ ಕನ್ಫ್ಯೂಷಿಯಸ್‌ನಿಂದ ಸಾಮರಸ್ಯ, ಶಿಸ್ತಿನ ಮಾತುಗಳನ್ನಷ್ಟೇ ಆರಿಸಿಕೊಂಡಿದೆ. ಪ್ರಜಾಪ್ರಭುತ್ವ ಬೇಕೆಂಬ 1958ರ ಬೇಡಿಕೆಯ ಸುದ್ದಿ ಎತ್ತುವುದಿಲ್ಲ.