ಕೈ ಹೋಗದ ಆಳದಲ್ಲಿ ಪೈಪ್ ಜೋಡಣೆ

ಬಂಗಾಳ ಕೊಲ್ಲಿಯ ಗ್ಯಾಸು ನಮ್ಮ ಕಡೆಯ ಎರೆಹೊಲಗಳ ಕೆಳಗೆ ಹರಿಯುತ್ತದೆ ಅಂದರೆ ಕಲಬುರಗಿಯಲ್ಲಿ ಎಷ್ಟೋ ಜನ ನಂಬುವುದಿಲ್ಲ. ಕಾಕಿನಾಡದ ಹತ್ತಿರ ಗಾಡಿಮೊಗದಲ್ಲಿ ದಡ ಸೇರುವ ಈ ಗ್ಯಾಸು ಸುಮಾರು 1,400 ಕಿ.ಮೀ. ಉದ್ದದ ಪೈಪ್‌ಲೈನಿನಲ್ಲಿ ತೆಲಂಗಾಣ ದಾಟಿ, ಕರ್ನಾಟಕದ ಈ ಮೂಲೆ ಹಾದು, ಮಹಾರಾಷ್ಟ್ರದ ಮೂಲಕ ಗುಜರಾತಿನ ಭರೂಚ್‌ಗೆ ಹೋಗುತ್ತದೆ. ನೆಲದ ಮೇಲೆ ಇದನ್ನು ಜೋಡಿಸುವುದು ನಮಗೆ ಗೊತ್ತಿರುವ ಕೆಲಸವೇ. ಜೆಸಿಬಿ ಕಂದಕ ತೋಡುತ್ತದೆ, ವೆಲ್ಡರ್ ಬೆಸುಗೆ ಹಾಕುತ್ತಾನೆ, ಬೆಸುಗೆ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಿ ಮಣ್ಣು ಮುಚ್ಚುತ್ತಾರೆ.

ಆದರೆ ಗ್ಯಾಸು ಹೊರಡುವ ಜಾಗದಲ್ಲಿ ವೆಲ್ಡರ್ ಇಳಿಯಲಾರ. ಬಂಗಾಳ ಕೊಲ್ಲಿಯಲ್ಲಿ ಗ್ಯಾಸು ತೆಗೆಯುವ ಕೆಜಿ-ಡಿ6 ಅನ್ನುವ ಬ್ಲಾಕಿನಲ್ಲಿ 2020ರ ಡಿಸೆಂಬರಿನಲ್ಲಿ ಶುರುವಾದ ಆರ್ ಕ್ಲಸ್ಟರ್ ಅನ್ನುವ ಗ್ಯಾಸು ಕ್ಷೇತ್ರ ಇರುವುದು ನೀರಿನ 2,000 ಮೀಟರಿಗೂ ಜಾಸ್ತಿ ಆಳದಲ್ಲಿ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಅಷ್ಟು ಆಳದಲ್ಲಿ ಉಗುರಿನಗಲದ ಜಾಗದ ಮೇಲೆ ಎರಡು ಕ್ವಿಂಟಲ್ ತೊಗರಿ ಹೇರಿದಷ್ಟು ಭಾರ. ಹೀಲಿಯಂ ಬೆರೆಸಿದ ಗಾಳಿ ಉಸಿರಾಡುತ್ತ, ಒತ್ತಡದ ಕೋಣೆಯಲ್ಲೇ ವಾರಗಟ್ಟಲೆ ವಾಸ ಮಾಡುವ ಮುಳುಗುಗಾರರು ಮಾಮೂಲಿಯಾಗಿ ಕೆಲಸ ಮಾಡುವುದು 300 ಮೀಟರ್ ಒಳಗೇ. 1988ರಲ್ಲಿ ಫ್ರಾನ್ಸಿನ ಕೋಮೆಕ್ಸ್ ಕಂಪನಿಯ ಮುಳುಗುಗಾರರು ಮೆಡಿಟರೇನಿಯನ್ ಸಮುದ್ರದಲ್ಲಿ 534 ಮೀಟರ್ ಮುಟ್ಟಿ ಬಂದದ್ದು ದಾಖಲೆ. ಅದಕ್ಕಿಂತ ಕೆಳಗಿನ ಕೆಲಸವೆಲ್ಲ ಯಂತ್ರದ ಪಾಲಿಗೆ.

ಯಂತ್ರ ಅಂದರೆ ಕ್ಯಾಮೆರಾ, ದೀಪ, ಎರಡು ಕೈಗಳಿರುವ ರೋಬೋಟು. ಹಡಗಿನಿಂದ ಇಳಿದ ಕೇಬಲ್ಲು ಅದಕ್ಕೆ ಕರೆಂಟೂ ಕೊಡುತ್ತದೆ, ಆಜ್ಞೆಯನ್ನೂ ತಲುಪಿಸುತ್ತದೆ. ಪತ್ರಿಕೆಗಳು ಈ ರೋಬೋಟನ್ನೇ ಹೊಗಳುತ್ತವೆ. ನನ್ನ ಕೇಳಿದರೆ ಅದು ಸ್ವಲ್ಪ ಒರಟು ಕೆಲಸಗಾರ. ನೆಲದ ಮೇಲೆ ಫಿಟ್ಟರ್ ಒಬ್ಬ ಫ್ಲೇಂಜ್, ಅಂದರೆ ಪೈಪಿನ ತುದಿಯಲ್ಲಿ ಬೋಲ್ಟಿನ ತೂತುಗಳಿರುವ ಬಳೆ, ಜೋಡಿಸುವುದನ್ನು ನೋಡಿ. ತೂತಿನಲ್ಲಿ ಬೆರಳಿಟ್ಟು ನೇರ ಇದೆಯಾ ಅಂತ ನೋಡುತ್ತಾನೆ, ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾನೆ, ಪಾನಾ ಎಷ್ಟು ಬಿಗಿಯಾಯಿತು ಅಂತ ಅವನ ಕೈಗೇ ಗೊತ್ತಾಗುತ್ತದೆ. ಬೋಲ್ಟು ತೂರಿಸಿ ನಟ್ಟು ಬಿಗಿಸುವ ಯಂತ್ರಗಳನ್ನೂ ಸಮುದ್ರಕ್ಕಾಗಿ ಕಟ್ಟಿದ್ದಾರೆ. ಅವು ದೊಡ್ಡವು, ಕೆಲಸ ನಿಧಾನ. ಹಾಗಾಗಿ ಎಂಜಿನಿಯರುಗಳು ಹೆಚ್ಚಾಗಿ ಹಿಡಿದ ದಾರಿ ಬೇರೆ: ಕೆಲಸಗಾರನ ಕೈ ಒರಟಾದರೆ, ಆ ಕೈಗೆ ಒಗ್ಗುವಂತೆ ಜೋಡಣೆಯನ್ನೇ ಬದಲಿಸುವುದು.

ಹಾಗೆ ಬದಲಿಸಿದ, ಈಗಿನ ಕಾಲೆಟ್ ಕನೆಕ್ಟರ್ ಅನ್ನುವ ಜೋಡಣೆಯಲ್ಲಿ ಬಿಡಿ ಬೋಲ್ಟುಗಳನ್ನು ತೂರಿಸುವ ತಾಪತ್ರಯವೇ ಇಲ್ಲ. ಬಾಯಿ ಅಗಲವಾದ ಆಲಿಕೆಯಂಥ ಭಾಗ, ಮೇಲಿಂದ ಇಳಿದ ಪೈಪನ್ನು ತಾನಾಗಿ ಜಾಗಕ್ಕೆ ಎಳೆದುಕೊಳ್ಳುತ್ತದೆ. ಸುತ್ತ ಉಕ್ಕಿನ ಬೆರಳುಗಳಿವೆ. ಹೈಡ್ರಾಲಿಕ್ ಒತ್ತಡಕ್ಕೆ ಹೊರಗಿನ ಬಳೆ ಸರಿದು, ಬೆರಳುಗಳನ್ನು ಎದುರು ಪೈಪಿನ ಅಂಚಿನ ಮೇಲೆ ಅಮುಕುತ್ತದೆ. ನಡುವೆ ಲೋಹದ ಸೀಲ್ ಇರುತ್ತದೆ. ರೋಬೋಟು ಮಾಡುವುದಿಷ್ಟೇ: ಹೈಡ್ರಾಲಿಕ್ ಕೊಳವೆ ಚುಚ್ಚುವುದು, ಹಿಡಿ ತಿರುಗಿಸುವುದು, ಸುಮ್ನೆ ನೋಡುತ್ತ ನಿಲ್ಲುವುದು.

ನಿಜವಾದ ತಲೆನೋವು ಅಳತೆಯದು. ಒಂದು ಪೈಪಿನ ತುದಿ ಇಲ್ಲಿ, ಬಾವಿಯ ಕಡೆಯ ತುದಿ ಇನ್ನೆಲ್ಲೋ ದೂರದಲ್ಲಿ, ಮೆತ್ತನೆ ಕೆಸರಿನ ಮೇಲೆ. ಎರಡರ ನಡುವೆ ಕೂರಿಸುವ ತುಂಡಿಗೆ ಜಂಪರ್ ಅಂತಾರೆ. ಅದನ್ನು ಮೇಲೆ ಯಾರ್ಡಿನಲ್ಲಿ ವೆಲ್ಡ್ ಮಾಡಿ ಇಳಿಸಬೇಕು. ಕೆಳಗೆ ಕತ್ತರಿಸಿ ಸರಿಮಾಡೋಣ ಅನ್ನುವ ಹಾಗಿಲ್ಲ. ಅದಕ್ಕೇ ಎರಡೂ ತುದಿಗೆ ಸದ್ದು ಮಾಡುವ ಉಪಕರಣ ಕೂರಿಸಿ, ಒಂದರ ಸದ್ದು ಇನ್ನೊಂದಕ್ಕೆ ತಲುಪಲು ಹಿಡಿಯುವ ಸಮಯದಿಂದ ದೂರ ಲೆಕ್ಕ ಹಾಕುತ್ತಾರೆ. ಸಮುದ್ರದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಅಂದರೆ ಸಮಯದಲ್ಲಿ ಸಾವಿರದಲ್ಲೊಂದು ಸೆಕೆಂಡ್ ತಪ್ಪಿದರೆ ಅಳತೆ ಒಂದೂವರೆ ಮೀಟರ್ ತಪ್ಪಿತು! ಉಷ್ಣತೆ, ಉಪ್ಪು, ಒತ್ತಡ ಬದಲಾದರೆ ಈ ವೇಗವೂ ಬದಲಾಗುತ್ತದೆ, ಹಾಗಾಗಿ ಅದನ್ನೂ ಅಲ್ಲೇ ಅಳೆಯಬೇಕು. ತುದಿಗಳು ಎಷ್ಟು ವಾಲಿವೆ ಅನ್ನುವುದೂ ಬೇಕು. 30 ಮೀಟರ್ ಜಂಪರಿನ ಒಂದು ತುದಿಯಲ್ಲಿ 2 ಡಿಗ್ರಿ ತಪ್ಪಿದರೆ ಇನ್ನೊಂದು ತುದಿ ಒಂದು ಮೀಟರ್ ಆಚೀಚೆ ಹೋಗುತ್ತದೆ. ಆಲಿಕೆ ಎಷ್ಟೇ ಅಗಲವಿದ್ದರೂ ಅಷ್ಟನ್ನು ಸಹಿಸುವುದಿಲ್ಲ.

ಜಂಪರು ನೇರ ಇರುವುದಿಲ್ಲ, ಬಾಗಿಸಿ ಬಾಗಿಸಿ ಮಾಡಿರುತ್ತಾರೆ. ನೆಲದಾಳದಿಂದ ಬಿಸಿಯಾಗಿ ಬರುವ ಗ್ಯಾಸು, ಎಣ್ಣೆಯಿಂದ ಪೈಪು ಹಿಗ್ಗುತ್ತದೆ. ಅಡ್ಡಿಯಿಲ್ಲದಿದ್ದರೆ 1 ಕಿ.ಮೀ. ಉಕ್ಕಿನ ಪೈಪು 50 ಡಿಗ್ರಿ ಬಿಸಿಯಾದಾಗ ಸುಮಾರು 60 ಸೆಂ.ಮೀ. ಉದ್ದವಾಗುತ್ತದೆ. ಬಾಗುಗಳು ಆ ನೂಕನ್ನು ತಾಳಿಕೊಳ್ಳುತ್ತವೆ.

ಹಾಗಾದರೆ ಕೆಳಗೆ ವೆಲ್ಡಿಂಗ್ ಆಗುವುದೇ ಇಲ್ವಾ? ಆಗಿದೆ. 2012ರಲ್ಲಿ ನಾರ್ವೆಯ ಓಸ್ಗಾರ್ಡ್ ಅನ್ನುವ ಸಮುದ್ರದ ಗ್ಯಾಸು ಕ್ಷೇತ್ರದಲ್ಲಿ 265 ಮೀಟರ್ ಆಳದಲ್ಲಿ, ಮುಳುಗುಗಾರರಿಲ್ಲದೆ, ಗ್ಯಾಸು ಹರಿಯುತ್ತಿದ್ದ ಪೈಪಿಗೇ ಕವಲು ಬೆಸೆದು ತೂತು ಕೊರೆದರು. ಆದರೆ ಮಾಮೂಲಿ ಜೋಡಣೆಗೆ ಕನೆಕ್ಟರೇ ವಾಸಿ. ಬಿಗಿಸಿದ ಮೇಲೆ ಸೀಲಿನ ಹಿಂದಿನ ಸಣ್ಣ ಜಾಗಕ್ಕೆ ಒತ್ತಡ ಕೊಟ್ಟು, ಅದು ಇಳಿಯುತ್ತದಾ ಅಂತ ಮೀಟರ್ ನೋಡುತ್ತಾರೆ. ಇಳಿದರೆ ಬೆರಳುಗಳನ್ನು ಬಿಚ್ಚಿ, ಜಂಪರನ್ನು ಸರಿಸಿ, ಹಳೇ ಸೀಲ್ ತೆಗೆದು ಹೊಸದು ಹಾಕಿ ಮತ್ತೆ ಬಿಗಿಸಬಹುದು.