ಮರೆತಿದ್ದೇ ಗೊತ್ತಾಗದ ಮರೆವು

ನಮ್ಮ ಅಜ್ಜಿ ಬೆಳಗ್ಗೆ ಬಿಪಿ ಮಾತ್ರೆ ತಗೊಂಡು ಹತ್ತು ನಿಮಿಷಕ್ಕೆ ಮತ್ತೆ ಡಬ್ಬಿ ತೆಗೆಯೋಳು, "ಈಗಷ್ಟೇ ತಗೊಂಡ್ಯಲ್ಲ ಅಜ್ಜಿ" ಅಂದ್ರೆ "ನಂಗೇನ್ ಅರಳು ಮರಳಾ, ತಗೊಂಡಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವೇನೋ" ಅಂತ ರೇಗೋಳು. ಅಮ್ಮ ಖಾಲಿ ಸ್ಟ್ರಿಪ್ ತಂದು ಮುಖದ ಮುಂದೆ ಹಿಡಿಯೋಳು, ಅಜ್ಜಿ ಅಳೋಳು, ಆವತ್ತಿಡೀ ಮನೇಲಿ ಯಾರಿಗೂ ಊಟ ಸೇರ್ತಿರ್ಲಿಲ್ಲ. ನಾವೆಲ್ಲ ಅದನ್ನ ಹಠ ಅಂದ್ಕೊಂಡಿದ್ವಿ, ಗೊತ್ತಿದ್ರೂ ಒಪ್ಕೊಳ್ಳೋಕೆ ಮರ್ಯಾದೆ ಅಡ್ಡ ಬರ್ತಿದೆ ಅಂತ. ಆದ್ರೆ ಅಜ್ಜಿ ಹೇಳ್ತಿದ್ದಿದ್ದು ಅವಳ ಪಾಲಿಗೆ ನೂರಕ್ಕೆ ನೂರು ನಿಜ. ತಗೊಂಡಿದ್ರೆ ಗೊತ್ತಾಗ್ಬೇಕಿತ್ತು. ಆ ಗೊತ್ತಾಗೋ ಕೆಲಸಾನೂ ಮಿದುಳೇ ಮಾಡ್ಬೇಕಲ್ಲ, ಅದಕ್ಕೆ ಬೇಕಾದ ಜಾಗಗಳಿಗೂ ಕಾಯಿಲೆ ತಗುಲಿದ್ರೆ ಏನ್ಮಾಡೋದು?

ಡಾಕ್ಟರುಗಳು ಇದಕ್ಕೆ ಅನೊಸೊಗ್ನೋಸಿಯಾ ಅಂತಾರೆ, ತನಗೆ ಕಾಯಿಲೆ ಇದೆ ಅನ್ನೋ ಅರಿವೇ ಇಲ್ಲದಿರೋದು. 1914ರಲ್ಲಿ ಪ್ಯಾರಿಸ್ಸಿನ ನರರೋಗ ತಜ್ಞ ಜೋಸೆಫ್ ಬಾಬಿನ್‌ಸ್ಕಿ ಕೊಟ್ಟ ಹೆಸರು ಇದು. ಆದ್ರೆ ಅವರು ನೋಡಿದ್ದು ಮರೆವಿನವರನ್ನಲ್ಲ, ಲಕ್ವ ಹೊಡೆದು ಮೈಯ ಎಡಭಾಗ ಬಿದ್ದುಹೋಗಿದ್ರೂ ಏನೂ ಆಗೇ ಇಲ್ಲ ಅನ್ನೋ ಹಾಗಿದ್ದವರನ್ನ.

ನೆನಪೇ ಹೋದ್ಮೇಲೆ ಮರೆತಿದ್ದೂ ಮರೆತುಹೋಗುತ್ತೆ, ಅದರಲ್ಲೇನಿದೆ ಅಂತ ಅನ್ನಿಸಬಹುದು, ನಂಗೂ ಹಾಗೇ ಅನ್ಸಿತ್ತು. ಆದ್ರೆ ಹೆನ್ರಿ ಮೊಲೈಸನ್ ಅನ್ನೋ ಅಮೆರಿಕದವರ ಕಥೆ ನೋಡಿ. 1953ರಲ್ಲಿ ಮೂರ್ಛೆರೋಗ ವಾಸಿಮಾಡೋಕೆ ಅಂತ ಎರಡೂ ಕಡೆಯ ಹಿಪ್ಪೋಕ್ಯಾಂಪಸ್ಸಿನ ಬಹುಭಾಗ ತೆಗೆದುಬಿಟ್ರು, ಹಿಪ್ಪೋಕ್ಯಾಂಪಸ್ ಅಂದ್ರೆ ಕಿವಿಯ ನೇರಕ್ಕೆ ಒಳಗಡೆ ಇರೋ, ಹೊಸ ನೆನಪು ಕೂಡಿಸೋ ಭಾಗ. ಆಮೇಲೆ 2008ರಲ್ಲಿ ಸಾಯೋವರೆಗೂ ಅವರಿಗೆ ಹೊಸದು ಹೆಚ್ಚುಕಮ್ಮಿ ಏನೂ ನೆನಪಲ್ಲಿ ನಿಲ್ಲಲಿಲ್ಲ, ಆದ್ರೂ ತನ್ನ ನೆನಪು ಸರಿಯಿಲ್ಲ ಅನ್ನೋದು ಮಾತ್ರ ಅವರಿಗೆ ಗೊತ್ತಿತ್ತು. ಅಂದ್ರೆ ಲೆಕ್ಕ ಬರೆಯೋರು ಬೇರೆ, ಲೆಕ್ಕ ತಪ್ಪಿದೆ ಅಂತ ಹಿಡಿಯೋರು ಬೇರೆ. ಈ ಎರಡನೇ ಕೆಲಸಕ್ಕೆ ಹಣೆಯ ಹಿಂದಿನ ಪ್ರಿಫ್ರಂಟಲ್ ಭಾಗ ಬೇಕು, ತಲೆಯ ಹಿಂದುಗಡೆ ಎರಡು ಹೋಳು ಕೂಡೋ ಒಳಮೈಯಲ್ಲಿರೋ ಪ್ರಿಕ್ಯೂನಿಯಸ್ ಮತ್ತೆ ಅದರ ಪಕ್ಕದ ಸಿಂಗ್ಯುಲೇಟ್ ಭಾಗ ಬೇಕು, ನಾವು ನಮ್ಮ ಬಗ್ಗೆನೇ ಯೋಚಿಸುವಾಗ ಚುರುಕಾಗೋ ಜಾಲ ಇದೇ. ನೆನಪು, ಬುದ್ಧಿ ಕುಂದಿಸೋ ಡಿಮೆನ್ಶಿಯಾ ಕಾಯಿಲೆಗಳಲ್ಲಿ ಒಂದಾದ ಅಲ್ಜೈಮರ್ಸ್ ಹಿಪ್ಪೋಕ್ಯಾಂಪಸ್ಸನ್ನ ಕುಗ್ಗಿಸೋದರ ಜೊತೆಗೆ ಈ ಜಾಲಕ್ಕೂ ಬೇಗನೇ ಕೈ ಹಾಕುತ್ತೆ. ಮಿದುಳಿನ ಮುಂಭಾಗ, ಪಕ್ಕದ ಭಾಗ ಕೆಡಿಸೋ ಫ್ರಂಟೋಟೆಂಪೊರಲ್ ಡಿಮೆನ್ಶಿಯಾದಲ್ಲಂತೂ ಉಲ್ಟಾ, ನೆನಪು ಸುಮಾರಾಗಿ ಇರುವಾಗಲೇ ತನ್ನ ಬಗ್ಗೆ ಇರೋ ಅರಿವು ಹೋಗಿರುತ್ತೆ.

ತಪ್ಪು ಮಾಡಿದ ಕ್ಷಣದಲ್ಲಿ ಕೆಲವರಿಗೆ ಅದು ತಿಳಿಯುತ್ತೆ, "ಅಯ್ಯೋ" ಅಂತಾನೂ ಅಂತಾರೆ, ಆದ್ರೆ ಆ ಅಯ್ಯೋ ಒಳಗೆ ದಾಖಲಾಗಲ್ಲ. ಜಮೀನು ಕೈ ಬದಲಾಗಿ ಎಷ್ಟೋ ವರ್ಷ ಆದ್ರೂ ಪಹಣಿಯಲ್ಲಿ ತಾತನ ಹೆಸರೇ ಓಡ್ತಿರುತ್ತಲ್ಲ, ಹಾಗೆ. ನಮ್ಮಜ್ಜಿಯ ಪಹಣಿಯಲ್ಲಿ ಅವಳಿನ್ನೂ ಊರಿನ ಎಲ್ಲರ ಬಾಣಂತನದ ತಾರೀಖು ಬಾಯಲ್ಲೇ ಹೇಳ್ತಿದ್ದ ಹೆಂಗಸು.

ತನ್ನ ಮರೆವಿನ ಅರಿವು ಎಷ್ಟಿದೆ ಅಂತ ಅಳೆಯೋಕೂ ಆಗುತ್ತೆ. ಹತ್ತು ಪದ ಹೇಳ್ತೀವಿ, ಎಷ್ಟು ನೆನಪಿರುತ್ತೆ ಅಂತ ಮೊದಲೇ ಕೇಳೋದು, ಆಮೇಲೆ ನಿಜಕ್ಕೂ ಎಷ್ಟು ಹೇಳಿದ್ರು ಅಂತ ನೋಡೋದು, ಇಲ್ಲಾಂದ್ರೆ ಒಂದೇ ಪ್ರಶ್ನೆಯನ್ನ ಅವರಿಗೂ ಮನೆಯವರಿಗೂ ಬೇರೆ ಬೇರೆ ಕೇಳಿ ಉತ್ತರಗಳ ನಡುವಿನ ಅಂತರ ನೋಡೋದು. ಶಿಕಾಗೋದ ರಶ್ ಯೂನಿವರ್ಸಿಟಿಯವರು ಎರಡು ಸಾವಿರಕ್ಕೂ ಹೆಚ್ಚು ವಯಸ್ಸಾದವರನ್ನ ವರ್ಷವರ್ಷವೂ ಪರೀಕ್ಷೆ ಮಾಡಿ 2015ರಲ್ಲಿ ಬರೆದ ಪ್ರಕಾರ, ಡಿಮೆನ್ಶಿಯಾ ಬಂದವರಲ್ಲಿ ಈ ಅರಿವು ಕಾಯಿಲೆ ಶುರುವಾಗೋಕೆ ಸರಾಸರಿ 2.6 ವರ್ಷ ಮೊದಲೇ ಜಾರೋಕೆ ಶುರುವಾಗಿತ್ತು, ತೀರಿಕೊಂಡವರ ಮಿದುಳು ನೋಡಿದಾಗ ಅದರ ಹಿಂದೆ ಟಾವ್ ಪ್ರೋಟೀನಿನ ಗಂಟುಗಳು, ಟಿಡಿಪಿ-43 ಅನ್ನೋ ಇನ್ನೊಂದು ಪ್ರೋಟೀನ್, ಮತ್ತೆ ರಕ್ತ ಹರಿಯದೆ ಸತ್ತ ಜಾಗಗಳು ಇದ್ವು. ಅಂದ್ರೆ "ನಂಗೇನಾಗಿಲ್ಲ" ಅನ್ನೋ ಅಜ್ಜಿ ತಾತನ ಮಾತನ್ನ ನಂಬಿಕೊಂಡು ಆಸ್ಪತ್ರೆಗೆ ಹೋಗದೆ ಕೂತ್ರೆ ಕಷ್ಟ, ನೋಡಬೇಕಾದವರು ಮನೆಯವರೇ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಅಂತ 2023ರ ಅಂದಾಜು.

ನಂಗೆ ಹೊಟ್ಟೆಯೊಳಗೆ ಚುಚ್ಚಿದ್ದು ಮಾತ್ರ ಅಯೋವಾ ಯೂನಿವರ್ಸಿಟಿಯ 2014ರ ಒಂದು ಅಧ್ಯಯನ. ಅಲ್ಜೈಮರ್ಸ್ ಇದ್ದ 17 ಜನಕ್ಕೆ ದುಃಖದ ಸಿನಿಮಾ ತುಣುಕುಗಳನ್ನ ತೋರಿಸಿದ್ರು, ಸ್ವಲ್ಪ ಹೊತ್ತಿಗೆ ನೋಡಿದ್ದು ಮರೆತುಹೋಯ್ತು, ದುಃಖ ಮಾತ್ರ ಉಳಿದಿತ್ತು, ಸಿನಿಮಾ ಕಮ್ಮಿ ನೆನಪಿದ್ದವರಲ್ಲೇ ಅದು ಹೆಚ್ಚು ಹೊತ್ತು ಉಳೀತು. ಖಾಲಿ ಸ್ಟ್ರಿಪ್ ತೋರಿಸಿ ನಾವು ಗೆದ್ದ ಅಷ್ಟೂ ಜಗಳದಲ್ಲಿ ಅಜ್ಜಿಗೆ ಉಳಿದಿದ್ದೂ ಅದೇ ಇರಬೇಕು, ಯಾಕೆ ಅಂತ ಗೊತ್ತಿಲ್ಲದ ಸಂಕಟ.

ಈಗ ಮಾತ್ರೆ ಡಬ್ಬಿ ಅಮ್ಮನ ಬೀರುವಿನಲ್ಲಿರುತ್ತೆ. ಅಜ್ಜಿ ಕೇಳಿದ್ರೆ "ಕಾಫಿ ಆದ್ಮೇಲೆ ಕೊಡ್ತೀನಿ ಬಾ" ಅಂತಾಳೆ, ಇಬ್ಬರೂ ಅಡುಗೆಮನೆಗೆ ಹೋಗ್ತಾರೆ.